ಮೂರು ಸಲ ತಯಾರಾದವಳು

ಗಾರ್ಗಿ ನೌಕರಿಗೆ ತಯಾರಾಗಿದ್ದಾಳೆಂದು ಮೂರನೆಯ ಸಲ ಘೋಷಿಸಿದ ದಿನ ಅವಳ ತಾಯಿ ಅನಸೂಯ ಚಪ್ಪಾಳೆ ತಟ್ಟಲಿಲ್ಲ. ನ್ಯೂಜೆರ್ಸಿಯ ಎಡಿಸನ್ ಊರಿನ ತರಬೇತಿ ಕೇಂದ್ರದವರು ಹಾಲ್ ತುಂಬ ಬಲೂನು ಕಟ್ಟಿದ್ದರು. ಕೇಕಿನ ಮೇಲೆ ನೀಲಿ ಕ್ರೀಮಿನಲ್ಲಿ ‘ಜಾಬ್ ರೆಡಿ’ ಎಂದು ಬರೆಸಿದ್ದರು. ಆಟಿಸಂ ಇರುವ ಯುವಕ ಯುವತಿಯರು ಒಬ್ಬೊಬ್ಬರಾಗಿ ಎದ್ದು ಹೋಗಿ ಪ್ರಮಾಣಪತ್ರ ಹಿಡಿದು ಫೋಟೋಕ್ಕೆ ನಿಂತು ತಿರುಗಿ ಬಂದು ಕೂತರು. ಗಾರ್ಗಿ ಮಾತ್ರ ಫೋಟೋಕ್ಕೆ ನಿಲ್ಲಲಿಲ್ಲ. ಪ್ರಮಾಣಪತ್ರವನ್ನು ಅಮ್ಮನ ತೊಡೆಯ ಮೇಲೆ ಹಾಕಿ, ಕೇಕಿನ ಕ್ರೀಮನ್ನೆಲ್ಲ ಚಮಚದಿಂದ ಕೆರೆದು ತಟ್ಟೆಯಂಚಿಗೆ ಸರಿಸಿ, ಉಳಿದದ್ದನ್ನು ತಿನ್ನತೊಡಗಿದಳು.

ಅನಸೂಯ ಎದ್ದು ಹೋಗಿ ಕೇಂದ್ರದ ಮುಖ್ಯಸ್ಥೆ ಕೇಟ್ಲಿನ್‌ಳನ್ನು ಬಾಗಿಲ ಬಳಿ ನಿಲ್ಲಿಸಿದಳು.

“ತಯಾರಾಗಿದ್ದಾಳೆ ಅಂದಿರಲ್ಲ, ಕೆಲಸ ಎಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಕೇಟ್ಲಿನ್ ನಕ್ಕಳು. ಅವಳದು ನಿಜಕ್ಕೂ ಒಳ್ಳೆಯ ನಗು. ಅನಸೂಯಳಿಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ.

“ಅದೇ ಸಂತೋಷದ ಸುದ್ದಿ. ಗಾರ್ಗಿ ಈಗ ನಮ್ಮ ಮುಂದಿನ ಹಂತದ ತರಬೇತಿಗೆ ಅರ್ಹಳಾದಳು. ಸೆಪ್ಟೆಂಬರಿನಲ್ಲಿ ಶುರು.”

“ಅದು ಮುಗಿದ ಮೇಲೆ?”

“ಆಗ ಅವಳ ತಯಾರಿ ಎಷ್ಟಾಗಿದೆ ಅಂತ ನೋಡೋಣ.”

ಮನೆಗೆ ಬರುವಾಗ ಕಾರಿನಲ್ಲಿ ಅನಸೂಯ ಗಂಡನ ಮೇಲೆ ಹರಿಹಾಯ್ದಳು. ಗಣಪತಿ ಪ್ರಿನ್ಸ್‌ಟನ್ನಿನ ಔಷಧ ಕಂಪನಿಯೊಂದರಲ್ಲಿ ಅಂಕಿಅಂಶಗಳ ಕೆಲಸ ಮಾಡುವವನು. ದನಿ ಏರಿಸಿ ಮಾತಾಡುವುದು ಅವನ ಜಾಯಮಾನವಲ್ಲ.

“ಏನ್ರೀ, ಇನ್ನ ಎಷ್ಟ ತಯಾರ್ ಮಾಡ್ತಾರ ಈಕಿನ್ನ? ಜನವರಿ ಥಂಡಿಯೊಳಗ ಇಡ್ಲಿ ಹಿಟ್ಟು ಸೈತ ಎರಡ ದಿನಕ್ಕ ಉಬ್ಬತದ. ಇಲ್ಲಿ ನೋಡಿದ್ರ ವರ್ಷಗಟ್ಟಲೆ ತಯಾರೀನ ನಡದದ!”

“ಸ್ವಲ್ಪ ಸಮಾಧಾನ ಮಾಡ್ಕೋ, ಅನಸೂಯಾ. ಅವರದೂ ಒಂದ್ ಪ್ರೊಸೆಸ್ ಅಂತ ಇರ್ತದ.”

“ಪ್ರೊಸೆಸ್ ಅಂತ, ಪ್ರೊಸೆಸ್!”

ಹಿಂದಿನ ಸೀಟಿನಿಂದ ಗಾರ್ಗಿ, “ಕ್ರೀಮ್ ಇಲ್ಲದ ಕೇಕ್ ಯಾಕ ತರಂಗಿಲ್ಲ ಅವರು?” ಎಂದು ಕೇಳಿದಳು.

ಅನಸೂಯ ಧಾರವಾಡದ ಮಾಳಮಡ್ಡಿಯವಳು. ಮದುವೆಯಾಗಿ ನ್ಯೂಜೆರ್ಸಿಗೆ ಬಂದು, ಐಸ್ಲಿನ್ನಿನ ಔಷಧದಂಗಡಿಯಲ್ಲಿ ಮಾತ್ರೆ ಎಣಿಸಿ ಡಬ್ಬಿಗೆ ತುಂಬುವ ಕೆಲಸಕ್ಕೆ ಸೇರಿದ್ದಳು. ಗಾರ್ಗಿ ಒಬ್ಬಳೇ ಮಗಳು. ಮೂರು ವರ್ಷವಾದರೂ ಮಾತು ಬರಲಿಲ್ಲ, ಕರೆದರೆ ತಿರುಗಿ ನೋಡಲಿಲ್ಲ. ಡಾಕ್ಟರು ಆಟಿಸಂ ಎಂದರು. ಆಮೇಲೆ ಧಾರವಾಡದಿಂದ ಅಜ್ಜಿ ಬಂದು ಒಂದು ಬೇಸಿಗೆಯೆಲ್ಲ ಇದ್ದು, ಮೊಮ್ಮಗಳ ಬೆನ್ನ ಹಿಂದೆಯೇ ತಿರುಗುತ್ತ ಎಡೆಬಿಡದೆ ಮಾತಾಡಿದ್ದರಿಂದಲೋ ಏನೋ, ಗಾರ್ಗಿಯ ಮೊದಲ ಮಾತು ಧಾರವಾಡದ ಕನ್ನಡದಲ್ಲೇ ಬಂತು. ‘ಬ್ಯಾಡ’ ಎಂಬುದು ಆ ಮಾತು. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತಳು. ಬೇರೆ ಮನೆಗಳ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಾಗ ಗಾರ್ಗಿ ಮನೆಯೊಳಗೆ ಕನ್ನಡ, ಹೊರಗೆ ಇಂಗ್ಲಿಷ್ ಎಂದು ಗೆರೆ ಕೊರೆದಂತೆ ಇಟ್ಟುಕೊಂಡಳು.

ಅಲ್ಲಿ ಇಂಥ ಮಕ್ಕಳಿಗೆ ಇಪ್ಪತ್ತೊಂದು ತುಂಬುವವರೆಗೆ ಶಾಲೆ; ಅಲ್ಲಿಯ ತನಕ ಶಾಲೆಯ ಹಳದಿ ಬಸ್ಸು ಮನೆಯ ಮುಂದೆಯೇ ಬರುತ್ತಿತ್ತು. ಅದಾದ ಮೇಲೆ ಶಾಲೆ ಮುಗಿಯಿತು, ಬಸ್ಸೂ ನಿಂತಿತು. ಹಾಗಿದ್ದರೂ ಗಾರ್ಗಿ ಚೀಲ ಏರಿಸಿಕೊಂಡು ಎಷ್ಟೋ ದಿನ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಕಿಟಕಿಯಿಂದ ಅದನ್ನು ನೋಡಲಾರದೆ ಅನಸೂಯ ಸಿಕ್ಕ ಮೊದಲ ತರಬೇತಿಗೆ ಹೆಸರು ಕೊಟ್ಟು ಬಂದಳು.

ಆ ಮೊದಲ ತರಬೇತಿ ಸಂದರ್ಶನ ಎದುರಿಸುವುದರದ್ದು. ಕೈ ಕುಲುಕುವುದು ಹೇಗೆ, ಕುರ್ಚಿಯಲ್ಲಿ ಕೂರುವುದು ಹೇಗೆ ಎಂದು ತಿಂಗಳಾನುಗಟ್ಟಲೆ ಕಲಿಸಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕಷ್ಟವಾದರೆ ಎದುರಿನವರ ಹುಬ್ಬುಗಳ ನಡುವೆ ನೋಡು ಎಂದರು. ಗಾರ್ಗಿ ಅಂದಿನಿಂದ ಎಲ್ಲರ ಹುಬ್ಬುಗಳ ನಡುವೆ ನೋಡತೊಡಗಿದಳು. ಇಂಡಿಯನ್ ಅಂಗಡಿಯ ಕ್ಯಾಷಿಯರ್ ಹುಡುಗಿ ಹಣೆಗೆ ಏನೋ ಮೆತ್ತಿದೆಯೆಂದುಕೊಂಡು ಕರವಸ್ತ್ರದಿಂದ ಮತ್ತೆ ಮತ್ತೆ ಒರೆಸಿಕೊಂಡಳು. ಅಣಕು ಸಂದರ್ಶನದಲ್ಲಿ, “ನಿಮ್ಮ ದೌರ್ಬಲ್ಯ ಏನು?” ಎಂದು ಕೇಳಿದಾಗ ಗಾರ್ಗಿ, “ನಿಮ್ಮ ಸೆಂಟಿನ ವಾಸನೆ ನನಗೆ ಆಗೋದಿಲ್ಲ,” ಎಂದಳು. ಪ್ರಾಮಾಣಿಕ ಉತ್ತರವೇ. ಆದರೆ ಅದು ಸರಿಯಾದ ಉತ್ತರವಲ್ಲವಂತೆ. ನಾನು ಅತಿಯಾಗಿ ಅಚ್ಚುಕಟ್ಟು ಬಯಸುತ್ತೇನೆ ಎಂದು ಹೇಳಬೇಕಂತೆ. “ಸುಳ್ಳ ಹೇಳೂದು ಕಲಸ್ತಾರ,” ಎಂದು ಗಾರ್ಗಿ ಮನೆಗೆ ಬಂದು ವರದಿ ಕೊಟ್ಟಳು.

ಎರಡನೆಯ ತರಬೇತಿ ಅವಳಿಗೆ ಇಷ್ಟವಾಯಿತು. ಅದು ಕೇಟ್ಲಿನ್‌ಳ ಕೇಂದ್ರದಲ್ಲಿ. ಹೋಟೆಲುಗಳಲ್ಲಿ ಮಾಡುವಂತೆ ಚಾಕು, ಫೋರ್ಕುಗಳನ್ನು ಬಟ್ಟೆಯ ನ್ಯಾಪ್ಕಿನ್ನಿನಲ್ಲಿಟ್ಟು ಬಿಗಿಯಾಗಿ ಸುರುಳಿ ಸುತ್ತಿ ಕಾಗದದ ಪಟ್ಟಿ ಅಂಟಿಸುವುದು. ಮೊದಮೊದಲು ಸುರುಳಿ ಸಡಿಲವಾಗಿ ಫೋರ್ಕು ಜಾರುತ್ತಿತ್ತು. ಕೆಲವು ವಾರಗಳಲ್ಲಿ ಕೈ ಕೂತಿತು. ದಿನಾ ಸಂಜೆ ಕಾರಿಗೆ ಹತ್ತಿದ ಕೂಡಲೇ, “ಇವತ್ತ ಎರಡ ಡಬ್ಬಿ ತುಂಬಿದೆ,” ಎನ್ನುತ್ತಿದ್ದಳು. ಅನಸೂಯಳಿಗೂ ಜೀವ ಹಗುರಾಯಿತು.

ಒಂದು ಸಂಜೆ ಹೊರಟು ಸಿಗ್ನಲ್ಲಿನ ತನಕ ಬಂದ ಮೇಲೆ ಗಾರ್ಗಿಗೆ ಸ್ವೆಟರ್ ಬಿಟ್ಟು ಬಂದದ್ದು ನೆನಪಾಯಿತು. ಅನಸೂಯ ಕಾರು ತಿರುಗಿಸಿದಳು. ಗಾರ್ಗಿ ಒಳಗೆ ಹೋದಳು. ತುಸು ಹೊತ್ತಿಗೆ ಒಳಗಿನಿಂದ ಕಬ್ಬಿಣದ ಸಾಮಾನು ಸುರಿದಂಥ ಸದ್ದೂ ಅದರ ಹಿಂದೆಯೇ ಕೂಗೂ ಕೇಳಿಸಿ ಅನಸೂಯ ಓಡಿದಳು.

ಕೇಟ್ಲಿನ್ ಮತ್ತು ಅವಳ ಸಹಾಯಕಿ ಮೇಜಿನ ಎದುರು ಗಾಬರಿಯಾಗಿ ನಿಂತಿದ್ದರು. ನೆಲದ ತುಂಬ ಫೋರ್ಕು, ಚಾಕು. ಗಾರ್ಗಿ ನೆಲದಲ್ಲಿ ಕೂತು, ಉಳಿದಿದ್ದ ಸುರುಳಿಗಳನ್ನು ಎರಡೂ ಕೈಯಿಂದ ಎದೆಗವಚಿಕೊಂಡು, “ಬಿಚ್ಚಬ್ಯಾಡ್ರಿ! ಬಿಚ್ಚಬ್ಯಾಡ್ರಿ!” ಎಂದು ಅರಚುತ್ತಿದ್ದಳು. ಹೊರಗಿನವರೊಡನೆ ಅವಳು ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ಅಲ್ಲಿ ಅದು ಅರ್ಥವಾದದ್ದು ಅನಸೂಯಳೊಬ್ಬಳಿಗೆ.

ಹಗಲೆಲ್ಲ ಸುತ್ತಿಸಿದ್ದನ್ನು ಅವರು ಸಂಜೆ ಬಿಚ್ಚುತ್ತಿದ್ದರು. ಮರುದಿನ ಸುತ್ತಿಸುವುದಕ್ಕೆ ಬೇಕಲ್ಲ. ಮೊದಲ ದಿನದಿಂದಲೂ ಹಾಗೇ ನಡೆದಿತ್ತು.

ಮರುದಿನ ಮೀಟಿಂಗ್ ಕರೆದರು. ಕೇಟ್ಲಿನ್ ಮೆಲುದನಿಯಲ್ಲಿ, “ಕೆಲಸದ ಜಾಗದಲ್ಲಿ ಇಂಥ ವರ್ತನೆ ಕಂಡರೆ ಯಾವ ಮಾಲೀಕರೂ ಇಟ್ಟುಕೊಳ್ಳುವುದಿಲ್ಲ,” ಎಂದಳು.

“ಇಡೀ ದಿನ ನೀವು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ಸಂಜೆ ನಾನು ಬಂದು ಅಳಿಸಿದರೆ ನೀವು ನಗುತ್ತೀರಾ?” ಎಂದು ಅನಸೂಯ ಕೇಳಿದಳು.

“ಅದು ಬೇರೆ. ಇದು ಬರೀ ಅಭ್ಯಾಸ.”

“ಅಭ್ಯಾಸ ಅಂತ ಅವಳಿಗೆ ಹೇಳಿದ್ದಿರಾ?”

ಗಣಪತಿ ಮೇಜಿನ ಕೆಳಗೆ ಹೆಂಡತಿಯ ಕೈ ಒತ್ತಿದ. ಅನಸೂಯ ಕೈ ಕಿತ್ತುಕೊಂಡಳು.

ಮೊದಲ ತರಬೇತಿಯಂತೆ ಇದರ ಕೊನೆಗೂ ‘ತಯಾರು’ ಎಂಬ ಪ್ರಮಾಣಪತ್ರವನ್ನೇನೋ ಕೊಟ್ಟರು; ಆದರೆ ತೀರ್ಮಾನವಾದದ್ದು, ಗಾರ್ಗಿಗೆ ಮೂರನೆಯ ತರಬೇತಿ ಬೇಕು ಎಂದು. ಇದು ಕೆಲಸದ ಜಾಗದಲ್ಲಿ ಸಿಟ್ಟು ದುಃಖಗಳನ್ನು ಹಿಡಿತದಲ್ಲಿಡುವ ಬಗ್ಗೆ. ಸಿಟ್ಟಿನ ಮುಖ, ಅಳುವ ಮುಖಗಳ ಚಿತ್ರ ತೋರಿಸಿ ಗುರುತಿಸಲು ಹೇಳುತ್ತಿದ್ದರು. ಸಿಟ್ಟು ಬಂದರೆ ಹತ್ತರ ತನಕ ಎಣಿಸಬೇಕು ಎಂದು ಕಲಿಸಿದರು. ಗಾರ್ಗಿ ಎಣಿಸಿ ನೋಡಿದಳು. “ಹತ್ತು ಆಯಿತು. ಸಿಟ್ಟು ಇನ್ನೂ ಇದೆ. ಮುಂದೆ?” ಎಂದು ಕೇಳಿದಳಂತೆ. ಮತ್ತೆ ಒಂದರಿಂದ ಶುರುಮಾಡು ಎಂದರಂತೆ.

ಇದೆಲ್ಲದರ ನಡುವೆ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಯಾರಾದರೂ, “ಗಾರ್ಗಿ ಈಗ ಏನ್ ಮಾಡ್ತಿದಾಳೆ?” ಎಂದು ಕೇಳುವರು. “ತಯಾರಾಗ್ಲಿಕತ್ತಾಳ,” ಎಂದು ಅನಸೂಯ ಹೇಳುವಳು. ಏನಕ್ಕೆ ಎಂದು ಅವರು ಕೇಳುವ ಮೊದಲೇ ಊಟದ ಸಾಲಿಗೆ ನಡೆದುಬಿಡುವಳು.

ಮೂರನೆಯ ಘೋಷಣೆಯಾದ ವರ್ಷದ ಆಗಸ್ಟಿನಲ್ಲಿ ಗಣಪತಿಯ ಗೆಳೆಯನ ಮಗ ಮಿಹಿರ್‌ನ ಮದುವೆ ಬಂತು. ವುಡ್‌ಬ್ರಿಡ್ಜಿನಲ್ಲಿ ಹೆದ್ದಾರಿಯ ಪಕ್ಕದ ದೊಡ್ಡ ಬ್ಯಾಂಕ್ವೆಟ್ ಹಾಲ್. ಹುಡುಗಿ ಪಂಜಾಬಿನ ಕಡೆಯವಳಾದ್ದರಿಂದ ಒಳಗೆ ಢೋಲು, ಡಿಜೆ ಎರಡೂ. ಗಾರ್ಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಅನಸೂಯ ಹುಡುಗನ ತಾಯಿಯೊಡನೆ ಎರಡು ಮಾತಾಡಿ ತಿರುಗಿ ನೋಡಿದರೆ ಕುರ್ಚಿ ಖಾಲಿ.

ಹೆಂಗಸರ ಕೋಣೆಯಲ್ಲಿಲ್ಲ. ವರಾಂಡದಲ್ಲಿಲ್ಲ. ಅನಸೂಯ ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು ಪಾರ್ಕಿಂಗಿಗೆ ಓಡಿದಳು. ಅದರಾಚೆ ಹೆದ್ದಾರಿ, ಭರ್ರನೆ ಹೋಗುವ ಟ್ರಕ್ಕುಗಳು. ಗಣಪತಿ ಕಾರುಗಳ ಸಾಲಿನ ನಡುವೆ ನಿಂತು, “ಗಾರ್ಗೀ! ಗಾರ್ಗೀ!” ಎಂದು ಗಂಟಲು ಹರಿಯುವಂತೆ ಕೂಗಿದ. ಅವನ ಗಂಟಲಿನಿಂದ ಅಂಥ ದನಿ ಹೊರಟೀತೆಂದು ಅನಸೂಯಳಿಗೆ ಗೊತ್ತಿರಲಿಲ್ಲ.

ಪರಿಚಾರಕನೊಬ್ಬ ಬಂದು, ಹಳದಿ ಚೂಡಿದಾರದ ಹುಡುಗಿಯೇ ಎಂದು ಕೇಳಿ, ಅವರನ್ನು ಅಡಿಗೆಮನೆಯ ಹಿಂಬದಿಗೆ ಕರೆದುಕೊಂಡು ಹೋದ. ಅಲ್ಲಿ ಉದ್ದನೆಯ ಸ್ಟೀಲ್ ಮೇಜಿನ ಸುತ್ತ ನಾಲ್ಕಾರು ಹೆಂಗಸರು ನಿಂತು ರಾತ್ರಿಯ ಊಟಕ್ಕೆ ಚಾಕು ಫೋರ್ಕುಗಳ ಸುರುಳಿ ಸುತ್ತುತ್ತಿದ್ದರು. ಅವರ ನಡುವೆ ಗಾರ್ಗಿಯೂ ದುಪಟ್ಟಾ ಸೊಂಟಕ್ಕೆ ಬಿಗಿದು ಸುತ್ತುತ್ತಿದ್ದಳು.

“ನಿಮ್ಮ ಮಗಳಾ?” ಎಂದಳು ಅಲ್ಲಿನ ಮೇಲ್ವಿಚಾರಕಿ ಲೂರ್ದೆಸ್. ಪೆರು ದೇಶದ ಗಟ್ಟಿಮುಟ್ಟಾದ ಹೆಂಗಸು. “ಇವತ್ತು ನಮ್ಮ ಇಬ್ಬರು ಕೈಕೊಟ್ಟರು. ಇವಳು ಬಂದು ಬಾಗಿಲಲ್ಲಿ ನಿಂತು ನೋಡ್ತಿದ್ದಳು. ಕೈ ತೊಳೆದುಕೊ ಅಂದೆ, ತೊಳೆದಳು. ಅಷ್ಟೇ.”

ಅನಸೂಯಳಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೈದಳು. “ಹೇಳಿ ಬರಬೇಕಂತ ತಿಳಿಯೂದಿಲ್ಲೇನು ನಿನಗ? ಜೀವ ಹೋಗಿತ್ತು ನಮ್ಮದು!”

ಗಾರ್ಗಿ ಕೈ ನಿಲ್ಲಿಸಲಿಲ್ಲ. ಲೂರ್ದೆಸ್ ಕಡೆ ತಿರುಗಿ ಇಂಗ್ಲಿಷಿನಲ್ಲಿ, “ಇವನ್ನು ಯಾರು ಬಿಚ್ಚುತ್ತಾರೆ?” ಎಂದು ಕೇಳಿದಳು.

“ಮತ್ಯಾರು? ಊಟಕ್ಕೆ ಕೂತವರು.”

ಮದುವೆಮನೆಗಳಲ್ಲಿ ಊಟದ ತನಕ ನಿಲ್ಲದ ಗಾರ್ಗಿ ಅಂದು ಕೊನೆಯವರೆಗೂ ಕೂತಳು. ಮೇಜು ಮೇಜಿಗೆ ಕಣ್ಣು ಹಾಯಿಸುತ್ತ ಜನ ಸುರುಳಿ ಬಿಚ್ಚುವುದನ್ನೇ ನೋಡಿದಳು. ಎದುರಿನ ಅಜ್ಜಿಯೊಬ್ಬರು ಸುರುಳಿ ಬಿಚ್ಚಿ, ಫೋರ್ಕು ಬದಿಗೆ ತಳ್ಳಿ, ಕೈಯಿಂದ ಕಲಸಿಕೊಂಡು ಉಣತೊಡಗಿದರು.

“ಅಮ್ಮಾ, ಅವರು ಫೋರ್ಕ್ ತಗೊಳ್ಳಿಲ್ಲ.”

“ಇರಲಿ ಬಿಡವಾ, ನ್ಯಾಪ್ಕಿನ್ ತಗೊಂಡ್ರಲ್ಲ.”

ಗಾರ್ಗಿ ಅದನ್ನು ಒಪ್ಪಿಕೊಂಡಂತೆ ಕಂಡಿತು. ಹೊರಡುವಾಗ ಲೂರ್ದೆಸ್ ಹಿಂಬಾಗಿಲಿನಿಂದ ಕೂಗಿ, ಶುಕ್ರವಾರ ಇನ್ನೊಂದು ಮದುವೆಯಿದೆ, ಕೆಲಸ ಬೇಕಿದ್ದರೆ ಬಿಳಿ ಶರ್ಟು, ಕಪ್ಪು ಪ್ಯಾಂಟು ಹಾಕಿಕೊಂಡು ಬರಲಿ, ಆಫೀಸಿನವರೊಡನೆ ತಾನು ಮಾತಾಡುತ್ತೇನೆ ಎಂದಳು.

ಅನಸೂಯ ಮರುದಿನವೇ ಕೇಂದ್ರಕ್ಕೆ ಫೋನ್ ಮಾಡಿದಳು. ಮೊದಲ ಕೆಲವು ದಿನ ಜೊತೆಗೆ ನಿಲ್ಲಲು ಯಾರನ್ನಾದರೂ ಕಳಿಸಿ ಎಂದು ಕೇಳುವುದಷ್ಟೇ ಅವಳ ಉದ್ದೇಶ. ಕೇಟ್ಲಿನ್‌ಳಿಗೆ ಸಂತೋಷವೇನೋ ಆಯಿತು. ಆದರೆ ಆ ಹಾಲ್ ತಮ್ಮ ಒಪ್ಪಿಗೆ ಪಡೆದ ಜಾಗವಲ್ಲ, ಮೊದಲು ಯಾರಾದರೂ ಹೋಗಿ ನೋಡಿ ಬರಬೇಕು, ಗಾರ್ಗಿ ಮುಂದಿನ ಹಂತದ ತರಬೇತಿಯನ್ನೂ ಮುಗಿಸಿಲ್ಲ ಎಂದಳು.

“ಅವಸರ ಮಾಡಿ ಅವಳನ್ನು ಸೋಲಿಗೆ ದೂಡೋದು ಬೇಡ,” ಎಂದಳು ಕೇಟ್ಲಿನ್.

“ಸೋಲಬೇಕಾದರೂ ಮೊದಲು ಕೆಲಸಕ್ಕೆ ಹೋಗಬೇಕಲ್ಲ, ತಾಯಿ!” ಎಂದು ಅನಸೂಯ ಫೋನಿಟ್ಟಳು.

ಗಣಪತಿಗೆ ಮಾತ್ರ ಅಳುಕು. “ಮೂರು ತಿಂಗಳದ್ದ ಮಾತು. ಅವರ ಟ್ರೇನಿಂಗ್ ಮುಗಿಸೇ ಕಳಿಸೋಣ. ಅಲ್ಲಿ ಏನರ ಒದರಾಡಿದ್ಲು ಅಂದ್ರ ಇದೂ ಹೋಗ್ತದ.”

“ನೀವೂ ಅವರಂಗ ಮಾತಾಡ್ಲಿಕತ್ತೀರಿ. ಒದರಾಡಿದ್ರ ಒದರಾಡ್ಲಿ! ನಾ ಮನಿಯೊಳಗ ದಿನಾ ಒದರಾಡಂಗಿಲ್ಲೇನು? ನನ್ನ ಯಾರರ ಕೆಲಸದಿಂದ ತಗದಾರೇನು?”

ಶುಕ್ರವಾರ ಮಧ್ಯಾಹ್ನ ಅನಸೂಯ ಅಂಗಡಿಯಿಂದ ಮನೆಗೆ ಬಂದಾಗ ಗಾರ್ಗಿ ಬಿಳಿ ಶರ್ಟು ಹಾಕಿಕೊಂಡು, ಅಪ್ಪನ ಕಾರಿನಲ್ಲಿ ಸೀಟ್‌ಬೆಲ್ಟ್ ಬಿಗಿದುಕೊಂಡು ಕೂತಿದ್ದಳು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಣಪತಿ ಕಾರಿನ ಹೊರಗೆ ಕೀಲಿಕೈ ಹಿಡಿದು ನಿಂತಿದ್ದ.

“ಯಾವಾಗಿಂದ ಕೂತಾಳ?”

“ನನ್ನ ಮೀಟಿಂಗ್ ಶುರು ಆಗೂಕಿಂತ ಮೊದಲಿಂದ,” ಎಂದ ಅವನು ಸೋತ ದನಿಯಲ್ಲಿ. “ಇಳಿಯಂದ್ರ ಇಳಿಯವಲ್ಲಳು. ನಡಿ, ಬಿಟ್ಟು ಬರೋಣು.”

ಅಂದು ಸುತ್ತುವ ಕೆಲಸ ಸುಸೂತ್ರವಾಗಿ ಮುಗಿಯಿತು. ತೊಂದರೆಯಾದದ್ದು ಊಟ ಮುಗಿದ ಮೇಲೆ. ಮೇಜುಗಳಿಂದ ತಿರುಗಿ ಬಂದ ಸಾಮಾನುಗಳಲ್ಲಿ ಯಾರೂ ಬಿಚ್ಚದ ಸುರುಳಿಗಳೂ ಇದ್ದವು. ಕೆಲಸದವಳೊಬ್ಬಳು ಅವನ್ನು ಬಿಚ್ಚಿ ಬಟ್ಟೆಯನ್ನು ಒಗೆಯುವ ಬುಟ್ಟಿಗೆ ಎಸೆಯತೊಡಗಿದಳು. ಗಾರ್ಗಿ ಎರಡೂ ಕೈ ಅಡ್ಡ ಇಟ್ಟು ಕಿರುಚಿದಳು. ಪಾರ್ಕಿಂಗಿನಲ್ಲಿ ಕಾರಿನೊಳಗೆ ಕಾಯುತ್ತಿದ್ದ ಅನಸೂಯಳಿಗೆ ಕರೆ ಹೋಯಿತು. ಅವಳು ಒಳಬರುವಷ್ಟರಲ್ಲಿ ಲೂರ್ದೆಸ್ ಸೊಂಟದ ಮೇಲೆ ಕೈಯಿಟ್ಟು ಗಾರ್ಗಿಯ ಎದುರು ನಿಂತಿದ್ದಳು.

“ಮೇಜಿನ ಮೇಲೆ ಇದ್ದದ್ದು ಇದು. ಮಕ್ಕಳು ಮುಟ್ಟಿರ್ತಾರೆ, ಯಾರೋ ಕೆಮ್ಮಿರ್ತಾರೆ. ನೀನು ಈ ಫೋರ್ಕಿನಲ್ಲಿ ಊಟ ಮಾಡ್ತೀಯಾ?” ಅವಳ ದನಿ ದೊಡ್ಡದೇ ಇತ್ತು.

ಗಾರ್ಗಿ ಫೋರ್ಕಿನ ಕಡೆ ನೋಡಿದಳು. “ಇಲ್ಲ.”

“ಹಾಗಾದರೆ ಬಿಚ್ಚು. ಎಲ್ಲಾ ತೊಳೆಯಲಿಕ್ಕೆ ಹೋಗಬೇಕು.”

ಗಾರ್ಗಿ ಅಳುತ್ತಲೇ ಒಂದೊಂದಾಗಿ ಬಿಚ್ಚಿದಳು. ಅವಳು ಮುಗಿಸುವ ತನಕ ಯಾರೂ ಅವಸರ ಮಾಡಲಿಲ್ಲ, ಯಾರೂ ಸಮಾಧಾನವನ್ನೂ ಹೇಳಲಿಲ್ಲ. ಎಲ್ಲರಿಗೂ ಅವರವರ ಕೆಲಸವಿತ್ತು. ಕಾರಿನಲ್ಲಿ ಅನಸೂಯ ಎದೆ ಗಟ್ಟಿ ಮಾಡಿಕೊಂಡು, “ನಾಳೆ ಹೋಗ್ತೀಯೇನು?” ಎಂದು ಕೇಳಿದಳು.

“ಹೋಗ್ತೀನಿ. ಲೂರ್ದೆಸ್ ಒದರ್ತಾಳ. ಆದ್ರ ಯಾಕಂತ ಹೇಳ್ತಾಳ.”

ಈಗ ಎರಡನೆಯ ವರ್ಷ ನಡೆದಿದೆ. ಎಲ್ಲವೂ ನೆಟ್ಟಗಾಯಿತು ಎಂದರೆ ಅನಸೂಯಳೇ ಜಗಳಕ್ಕೆ ಬಂದಾಳು. ಚಳಿಗಾಲದಲ್ಲಿ ಮದುವೆಗಳು ಕಡಿಮೆ, ಕೆಲಸವೂ ಕಡಿಮೆ. ಆಗ ಗಾರ್ಗಿ ಮನೆಯ ಫೋರ್ಕುಗಳನ್ನೆಲ್ಲ ಸುತ್ತಿಡುತ್ತಾಳೆ, ಯಾರೂ ಬಿಚ್ಚಕೂಡದು. ಜೊತೆಯವರ ಸುರುಳಿ ಸಡಿಲವಾದರೆ ಮುಖದ ಮೇಲೆ ಹೇಳಿ ಜಗಳ ತರುತ್ತಾಳೆ. ವಿಶೇಷ ಅಗತ್ಯದವರಿಗೆಂದು ಇರುವ ವ್ಯಾನು ಭಾನುವಾರ ಹಾಲಿನ ಕಡೆ ಬರುವುದಿಲ್ಲ, ಬಂದ ದಿನವೂ ಹೊತ್ತಿಗೆ ಬರುವುದಿಲ್ಲ. ಹಾಗಾಗಿ ಅನಸೂಯಳೇ ಡ್ರೈವ್ ಮಾಡಬೇಕು. ಅಂಗಡಿಯಲ್ಲಿ ಪಾಳಿ ಬದಲಿಸಿಕೊಂಡು ಬದಲಿಸಿಕೊಂಡು ಅವಳ ಮ್ಯಾನೇಜರಿಗೂ ಬೇಸರ ಬಂದಿದೆ.

ಮೊನ್ನೆ ಕೇಟ್ಲಿನ್ ಫೋನ್ ಮಾಡಿದ್ದಳು. ಕೇಂದ್ರದ ಹೊಸ ಕರಪತ್ರಕ್ಕೆ ಗಾರ್ಗಿಯ ಫೋಟೋ ಬೇಕಂತೆ. ತಮ್ಮ ತರಬೇತಿಯ ಯಶಸ್ಸಿನ ಕಥೆಯೆಂದು ಹಾಕುತ್ತಾರಂತೆ. ಶನಿವಾರದ ಸಮಾರಂಭಕ್ಕೆ ಬಂದು ಅವಳು ಎರಡು ಮಾತಾಡಿದರೆ ಇನ್ನೂ ಒಳ್ಳೆಯದಂತೆ.

“ಅವಳನ್ನು ಕಳಿಸಬೇಡಿ ಅಂದವರು ನೀವೇ ಅಲ್ಲವಾ?” ಎಂದು ಅನಸೂಯ ಕೇಳಿದಳು.

“ಹೌದು, ಆದರೆ ಸುತ್ತೋದನ್ನ ಕಲಿತದ್ದು ನಮ್ಮಲ್ಲೇ ಅಲ್ಲವಾ?” ಎಂದಳು ಕೇಟ್ಲಿನ್. ಅವಳ ಮಾತಿನಲ್ಲಿ ಕೊಂಕಿರಲಿಲ್ಲ.

ಅದು ನಿಜವೇ ಆಗಿತ್ತು. ನಿಜವೆಂಬುದೇ ಅನಸೂಯಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಫೋನನ್ನು ಅಂಗೈಯಿಂದ ಮುಚ್ಚಿ ಮಗಳನ್ನು ಕೇಳಿದಳು. “ಶನಿವಾರ ಕೆಲಸ ಅದ,” ಎಂದಳು ಗಾರ್ಗಿ. ಅಲ್ಲಿಗೆ ಮಾತು ಮುಗಿಯಿತು.

ಆ ಶನಿವಾರ ಹಾಲಿನ ಮುಂದೆ ವರನ ಮೆರವಣಿಗೆ ಬಂದಿತ್ತು. ಬಿಳಿ ಕುದುರೆ, ಢೋಲು, ರಸ್ತೆಯಗಲಕ್ಕೆ ಕುಣಿಯುವ ಜನ. ಪೊಲೀಸನೊಬ್ಬ ಕಾರುಗಳನ್ನೆಲ್ಲ ತಡೆದು ನಿಲ್ಲಿಸಿದ್ದ. ಅನಸೂಯ ಹಾರ್ನ್ ಮೇಲೆ ಹಾರ್ನ್ ಹೊಡೆದಳು. ಯಾರೂ ಕದಲಲಿಲ್ಲ, ಕುದುರೆಯಂತೂ ಅಲ್ಲೇ ನಿಂತು ಲದ್ದಿ ಹಾಕಿತು.

“ಇವರ ಮದುವಿಗೆ ಫೋರ್ಕ್ ಸುತ್ತಬೇಕಾದವರನ್ನ ಇವರ ತಡದಾರಲ್ಲ! ಏನ್ ಹೇಳ್ಬೇಕ ಈ ಮಂದಿಗೆ!”

“ನಾ ನಡಕೊಂಡ ಹೋಗ್ತೀನಿ,” ಎಂದಳು ಗಾರ್ಗಿ. ಹೆಡ್‌ಫೋನ್ ಏರಿಸಿ, ಬಾಗಿಲು ತೆಗೆದು ಇಳಿದಳು. ಕುಣಿಯುವವರಿಂದ ದೂರಕ್ಕೆ, ಹುಲ್ಲಿನಂಚಿನಲ್ಲಿ ಸುತ್ತು ಹಾಕಿ ಅಡಿಗೆಮನೆಯ ಬಾಗಿಲ ಕಡೆ ನಡೆದಳು. ತಿರುಗಿ ನೋಡಲಿಲ್ಲ. ಅವಳು ಒಳಗೆ ಹೋದದ್ದನ್ನು ಕಂಡು ಅನಸೂಯ ಉಸಿರು ಬಿಟ್ಟಳು. ಆಮೇಲೆ, ಹಿಂದೆಯೂ ಮುಂದೆಯೂ ಹೋಗಲಾರದೆ, ಕುದುರೆಯ ಬಾಲವನ್ನೇ ನೋಡುತ್ತ ಬಹಳ ಹೊತ್ತು ಕೂತಳು.